ಮೂರನೆಯ ‘ಬೇಡ’

ಕಾಲೇಜಿನ ಅಡುಗೆಮನೆಯನ್ನು ಹೊಸದು ಮಾಡುತ್ತಿದ್ದಾರೆ. ಕಳೆದ ವಾರ ಹಳೆಯ ಸಾಮಾನನ್ನೆಲ್ಲ ತೆಗೆದು ಕಾರಿಡಾರಿನಲ್ಲಿ ಇಟ್ಟಿದ್ದರು, ಬೇಕಾದವರು ಒಯ್ಯಲಿ ಎಂದು. ಟ್ರೇಗಳು, ಕಿವಿ ಮುರಿದ ಕಪ್ಪುಗಳ ನಡುವೆ ಆ ಥರ್ಮಾಸ್ ಕಂಡಿತು. ಮೇಲೆ ಒತ್ತಿದರೆ ಮೂತಿಯಿಂದ ಕಾಫಿ ಸುರಿಯುವ ದೊಡ್ಡ ಥರ್ಮಾಸ್, ಹಿಡಿಯ ಸುತ್ತ ಹಸಿರು ಟೇಪು. ಖಾಲಿ ಎಂದು ಗೊತ್ತಿದ್ದೂ ಒಮ್ಮೆ ಒತ್ತಿದೆ. ‘ಫುಸ್’ ಎಂದು ಗಾಳಿ ಬಂತು. ಗಾಳಿಯ ಹಿಂದೆಯೇ ಹಳೆಯ ಕಾಫಿಯ ವಾಸನೆ… ಕೈಯಲ್ಲಿದ್ದ ಬ್ಯಾಗು ಕೆಳಗಿಟ್ಟು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ.

ಮನೆಗೆ ತಂದಾಗ ಮಗಳು ಸ್ವೀಡಿಷ್‌ನಲ್ಲಿ, ನಮ್ಮ ಹತ್ತಿರ ಒಂದು ಇದೆಯಲ್ಲ ಎಂದು ಮುಖ ಸಿಂಡರಿಸಿದಳು. ಅವಳಮ್ಮ ಹಸಿರು ಟೇಪನ್ನು ನೋಡಿ, “ಅಜ್ಜೀದಲ್ವೇನ್ರೀ?” ಅಂದಳು. ಹೂಂ ಅಂದೆ. ಅವಳು ಅದನ್ನು ತೊಳೆದು ಒಲೆಯ ಪಕ್ಕ ಇಟ್ಟಳು.

ಅಜ್ಜಿ ಅಂದರೆ ನಮಗೆ ಸಂಬಂಧಿಕರೇನಲ್ಲ. ಸ್ವೀಡನ್ನಿನ ಲಿಂಕೋಪಿಂಗ್‌ ಪಟ್ಟಣದಿಂದ ಬಸ್ಸಿನಲ್ಲಿ ಸ್ವಲ್ಪ ದೂರ ಹೋದರೆ ಸಿಗುವ ಈ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಅವರು ಅಧ್ಯಕ್ಷರಾಗಿದ್ದವರು. ಇಲ್ಲಿ ಇಂಥ ಕಾಲೇಜಿಗೆ ಉದ್ದದ ಹೆಸರೊಂದಿದೆ. ನಾನು ನನ್ನ ಅನುಕೂಲಕ್ಕೆ ‘ಜನತಾ ಕಾಲೇಜು’ ಎಂದು ಕರೆದುಕೊಂಡೆ. ಫೀಸಿಲ್ಲ. ಓದು ಅರ್ಧಕ್ಕೆ ಬಿಟ್ಟವರು, ದೇಶ ಬಿಟ್ಟು ಬಂದವರು, ಮಕ್ಕಳು ದೊಡ್ಡವರಾದ ಮೇಲೆ ಪುಸ್ತಕ ಹಿಡಿದವರು, ಎಲ್ಲರೂ ಒಂದೇ ಬೆಂಚು. ಹಿಂದೆ ಹಾಸ್ಟೆಲು, ಮುಂದೆ ಹುಲ್ಲು, ಬೆಳಿಗ್ಗೆ ಎಲ್ಲರೂ ಸೇರಿ ಒಂದು ಹಾಡು. ಈ ದೇಶದಲ್ಲಿ ಪ್ರಿನ್ಸಿಪಾಲರನ್ನೂ ಹೆಸರು ಹಿಡಿದೇ ಕೂಗುತ್ತಾರೆ, ಎಲ್ಲರಿಗೂ ‘ನೀನು’. ಎಪ್ಪತ್ತು ದಾಟಿದ ಆಕೆಯ ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಹೊರಳಲಿಲ್ಲ. ಮೇಡಂ ಅಂದರೆ ಸಿಟ್ಟಾಗುತ್ತಿದ್ದರು. ಕೊನೆಗೆ ಎದುರಿಗೆ ಏನೂ ಕರೆಯದೆ, ಮನೆಯಲ್ಲಿ ಅಜ್ಜಿ ಎನ್ನತೊಡಗಿದೆ. ಇಲ್ಲಿ ಬರೆಯುವಾಗಲೂ ನನ್ನ ಮಾತಿನಲ್ಲಿ ‘ನೀವು’ ಎಂದೇ ಹಾಕುತ್ತೇನೆ. ಸ್ವೀಡನ್ನಿನವರು ಬೇಕಾದರೆ ನಗಲಿ.

ನಾನು ಸ್ವೀಡಿಷ್ ಕಲಿಯಲೆಂದು ಆ ಕಾಲೇಜಿಗೆ ಸೇರಿದ್ದು ನನ್ನ ನಲವತ್ತನೆಯ ವಯಸ್ಸಿನ ಆಸುಪಾಸಿನಲ್ಲಿ, ಎರಡು ಸಾವಿರದ ಹದಿಮೂರರ ಚಳಿಗಾಲದಲ್ಲಿ. ಹೆಂಡತಿಗೆ ವಿಮಾನ ಕಂಪನಿಯಲ್ಲಿ ಕೆಲಸ. ನಾನು ಅವಳ ವೀಸಾದ ಬಾಲಂಗೋಚಿ. ಅರಸೀಕೆರೆಯ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಗಣಿತ ಹೇಳಿಕೊಟ್ಟವನು ಇಲ್ಲಿ ಬಂದು ಮಗಳನ್ನು ಡಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ, ಬಿಟ್ಟು ಬಂದು ಅನ್ನಕ್ಕಿಡುತ್ತಿದ್ದೆ. ಫೋನಿನಲ್ಲಿ ಭಾವಮೈದ, “ಏನ್ ಭಾವ, ಇವತ್ತೇನ್ ಸಾರು?” ಎಂದು ಕಿಚಾಯಿಸುವನು. ನಾನೂ ನಗುತ್ತಿದ್ದೆ. ಅಡುಗೆ ಮಾಡುವುದಕ್ಕೆ ನನಗೆ ನಾಚಿಕೆ ಇರಲಿಲ್ಲ, ಸಾರು ಚೆನ್ನಾಗಿಯೇ ಮಾಡುತ್ತೇನೆ. ಸಂಕಟವಿದ್ದದ್ದು ಬೇರೆ. ಬೋರ್ಡಿನ ಮುಂದೆ ನಿಂತು, ಒಂದು ಲೆಕ್ಕ ಬಿಡಿಸಿ, ತಿರುಗಿ ನೋಡಿದಾಗ ಒಂದು ಮುಖವಾದರೂ ‘ಓಹೋ!’ ಅನ್ನುತ್ತದಲ್ಲ, ಅದು ಬೇಕಾಗಿತ್ತು. ಇನ್ನು ಈ ಜನ್ಮದಲ್ಲಿ ಅದು ಇಲ್ಲವೇನೋ ಎಂದು ಒಳಗೊಳಗೇ ಹೆದರಿದ್ದೆ.

ಬುಧವಾರ ಮಧ್ಯಾಹ್ನ ಹಳೆಯ ವಿದ್ಯಾರ್ಥಿಗಳು ಕಾಲೇಜಿಗೆ ಬರುತ್ತಿದ್ದರು. ಊಟದ ಹಾಲಿನಲ್ಲಿ ಇಂಗ್ಲಿಷಿಗೊಂದು ಮೇಜು, ಸ್ವೀಡಿಷ್‌ಗೊಂದು, ಗಣಿತಕ್ಕೊಂದು. ಈಗ ಓದುತ್ತಿರುವವರು ಹೋಗಿ ಕೂತು, ತಿಳಿಯದ್ದನ್ನು ಕೇಳಬಹುದು. ಬಾಗಿಲ ಹತ್ತಿರದ ಮೇಜು ಅಜ್ಜಿಯದು. ಅವರು ಪಾಠ ಹೇಳುತ್ತಿರಲಿಲ್ಲ, ಥರ್ಮಾಸ್ ಒತ್ತುತ್ತಿದ್ದರು. ಹುಡುಗಿಯಾಗಿದ್ದಾಗ ಬಟ್ಟೆ ಮಿಲ್ಲಿನಲ್ಲಿ ಕೆಲಸ ಮಾಡಿ, ಆಮೇಲೆ ಇಲ್ಲಿಗೆ ಓದಲು ಬಂದು, ಮುಂದೆ ಅಂಚೆ ಕಚೇರಿ ಸೇರಿದವರು. ಇಷ್ಟು ವರ್ಷವಾದರೂ ಯಾಕೆ ಬರುತ್ತೀರಿ ಎಂದು ಒಮ್ಮೆ ಕೇಳಿದ್ದೆ. “ನಾನು ಓದುವಾಗ ಇಲ್ಲಿನ ಕಾಫಿ ಬಾಯಿಗೆ ಇಡೋ ಹಾಗಿರಲಿಲ್ಲ. ಸರಿ ಮಾಡೋಣ ಅಂತ ಬಂದೆ. ಇನ್ನೂ ಆಗಿಲ್ಲ,” ಅಂದರು. ನಿಜ ಹೇಳಬೇಕೆಂದರೆ ಆಗಿರಲಿಲ್ಲ.

ಮೊದಲ ಬುಧವಾರ ಅವರು ಕಪ್ಪು ಹಿಡಿದು, ಕಾಫಿ ಕೊಡಲಾ ಎಂದರು. “ಬೇಡ, ಪರವಾಗಿಲ್ಲ,” ಎಂದೆ. ಹಾಗನ್ನದೆ ಇರಲು ಸಾಧ್ಯವೇ? ನಮ್ಮ ಮನೆಗೆ ಬಂದವರು ಕಾಫಿ ಕುಡಿಯದೆ ಹೋದದ್ದಿಲ್ಲ, ಬಂದವರಲ್ಲಿ ಒಬ್ಬರೂ ಮೊದಲ ಸಲಕ್ಕೆ ‘ಕೊಡಿ’ ಅಂದದ್ದೂ ಇಲ್ಲ. “ಈಗ ತಾನೆ ಕುಡ್ಕೊಂಡ್ ಬಂದೆ ಕಣಮ್ಮ,” ಎನ್ನುವರು. ಅಮ್ಮ ಅಷ್ಟರಲ್ಲಿ ಹಾಲು ಒಲೆಗೆ ಇಟ್ಟಿರುವಳು. ಅಜ್ಜಿ ಮಾತ್ರ ತಲೆಯಾಡಿಸಿ, ಆ ಕಪ್ಪನ್ನು ನನ್ನ ಪಕ್ಕದವನಿಗೆ ಕೊಟ್ಟರು. ಎರಡನೆಯ ಬುಧವಾರವೂ ಅದೇ ಆಯಿತು. ಹೊರಗೆ ಮೂಳೆ ಕೊರೆಯುವ ಚಳಿ, ಒಳಗೆ ಎಲ್ಲರ ಕೈಯಲ್ಲಿ ಬಿಸಿ ಕಾಫಿ, ನನ್ನ ಕೈಯಲ್ಲಿ ಪೆನ್ಸಿಲು! ಎಂಥ ಕಲ್ಲುಮನಸ್ಸಿನ ಜನವಪ್ಪ ಎಂದು ಬೈದುಕೊಂಡು ಬಸ್ಸು ಹತ್ತಿದೆ. ಕೊನೆಗೆ ಚಳಿಯೇ ಬುದ್ಧಿ ಕಲಿಸಿತು. ಕಾಫಿಗೆ ಮಾತ್ರ ಕೇಳಿದ ತಕ್ಷಣ ಹೂಂ ಅನ್ನತೊಡಗಿದೆ.

ಕಾಫಿಗೆ ಕಲಿತದ್ದು ಉಳಿದದ್ದಕ್ಕೆ ಬರಲಿಲ್ಲ. ಲೆಕ್ಕಕ್ಕೆ ಬೇಕಾದ ಸ್ವೀಡಿಷ್ ಪದಗಳಿಗೆಂದು ಗಣಿತದ ಮೇಜಿನಲ್ಲಿ ಕಲಿಯುವವನಾಗಿ ಕೂತರೂ ನಾನು ಸುಮ್ಮನಿರುತ್ತಿರಲಿಲ್ಲ. ಎರಿಟ್ರಿಯಾದ ಒಬ್ಬಾಕೆ ಶೇಕಡಾವಾರು ಲೆಕ್ಕಕ್ಕೆ ಸಿಕ್ಕಿಹಾಕಿಕೊಂಡು ಕಣ್ಣೀರು ಹಾಕುವಂತಾದಾಗ, ಮುರುಕು ಸ್ವೀಡಿಷ್‌ನಲ್ಲೇ ಬನ್ನು ಹೋಳು ಮಾಡಿ ತೋರಿಸಿದೆ. ಆಕೆ ‘ಓಹೋ!’ ಅಂದಳು. ಅಜ್ಜಿ ಬಾಗಿಲ ಹತ್ತಿರದಿಂದ ಅದನ್ನು ನೋಡಿದ್ದರು. ಮೇ ತಿಂಗಳ ಒಂದು ಬುಧವಾರ ನನ್ನ ಬಳಿ ಬಂದು ಕೇಳಿದರು, “ಈ ಬೇಸಿಗೆಗೆ ನಿನ್ನ ಓದು ಮುಗಿಯುತ್ತೆ. ನೀನೂ ಹಳೆಯ ವಿದ್ಯಾರ್ಥಿ ಆಗ್ತೀಯ. ಆಗಸ್ಟಿನಿಂದ ಗಣಿತದ ಮೇಜು ನೀನು ನಡೆಸ್ತೀಯಾ?”

ಈ ಊರಿಗೆ ಬಂದ ಮೇಲೆ ಯಾರಾದರೂ ಒಂದು ಸಲ ಕೇಳಲಿ ಎಂದು ನಾನು ಕಾದಿದ್ದ ಮಾತೇ ಅದು. ಆದರೆ ಬಾಯಿಯಿಂದ ಬಂದದ್ದೇನು? “ಅಯ್ಯೋ, ನಾನೇ? ನನ್ನ ಸ್ವೀಡಿಷ್ ನೋಡಿ ಹೇಗಿದೆ. ನನಗಿಂತ ಒಳ್ಳೆಯವರು ಯಾರಾದರೂ ಸಿಗ್ತಾರೆ ಬಿಡಿ.” ಹೇಳಿ, ತಲೆ ತಗ್ಗಿಸಿ, ಎರಡನೆಯ ಸಲ ಕೇಳಲಿ ಎಂದು ಕಾದೆ. ಅಜ್ಜಿ, “ಹಾಗಾ. ಹೇಳಿದ್ದು ಒಳ್ಳೇದಾಯ್ತು,” ಎಂದು ತಿರುಗಿ ಹೋಗಿಯೇಬಿಟ್ಟರು.

ಮರುವಾರ ಹೋದಾಗ, ಆಗಸ್ಟಿನಿಂದ ಆ ಮೇಜು ನಿವೃತ್ತ ಎಂಜಿನಿಯರ್ ಒಬ್ಬರ ಪಾಲು ಎಂದು ಗೊತ್ತಾಯಿತು. ನನಗೆ ಅವಮಾನವಾಯಿತು. ಮನೆಗೆ ಬಂದು ಪಾತ್ರೆ ದಡಬಡ ಇಡುತ್ತಿದ್ದಾಗ ಹೆಂಡತಿ ವಿಚಾರಿಸಿದಳು. ಎಲ್ಲ ಹೇಳಿದೆ.

“ಬೇಡ ಅಂದೋರು ನೀವೇ ಅಲ್ವೇನ್ರೀ?”

“ಬೇಡ ಅಂದ್ರೆ ಬೇಡ ಅಂತಾನೇನೇ? ಇನ್ನೊಂದ್ ಸಲ ಕೇಳೋಕಾಗ್ತಿರ್ಲಿಲ್ವಾ?”

“ಆಫೀಸಲ್ಲಿ ನಾನು ಒಂದ್ ಸಲ ಬೇಡ ಅಂದ್ರೆ ಅದು ಮೀಟಿಂಗ್ ಮಿನಿಟ್ಸ್‌ನಲ್ಲಿ ಬಂದ್ಬಿಡುತ್ತೆ. ಹೋಗಿ ಬೇಕು ಅಂತ ಹೇಳಿ.”

ಹೋಗಿ ಬೇಕು ಎಂದು ಹೇಳುವುದೇ? ನಮ್ಮಪ್ಪನಾಣೆಗೂ ಆಗದ ಮಾತು. ಮುಂದಿನ ಬುಧವಾರ ಕಾಲೇಜಿಗೇ ಹೋಗಲಿಲ್ಲ. ಮಗಳನ್ನು ಬಿಟ್ಟುಬಂದು ಕಿಟಕಿಯ ಬಳಿ ಕೂತಿದ್ದೆ. ಇನ್ನು ಮೇಲೆ ಇನ್ನೊಬ್ಬ ಆ ಮೇಜಿನಲ್ಲಿ ಕೂತು ಭಿನ್ನರಾಶಿ ಹೇಳಿಕೊಡುತ್ತಾನೆ ಎಂಬುದನ್ನೇ ನೆನೆಯುತ್ತಾ ಅಂದು ಅನ್ನಕ್ಕಿಡುವುದನ್ನೂ ಮರೆತೆ.

ಬೇಸಿಗೆ ರಜೆಗೆ ಮುಂಚಿನ ಕೊನೆಯ ಬುಧವಾರ ಹೆಂಡತಿಯೇ ತಳ್ಳಿ ಕಳಿಸಿದಳು. ಅಂದು ಅಜ್ಜಿ ಏಲಕ್ಕಿ ಬನ್ನು ಮಾಡಿ ತಂದಿದ್ದರು. ಎಲ್ಲರೂ ತಿಂದು ತಟ್ಟೆಯಲ್ಲಿ ಒಂದು ಉಳಿಯಿತು. ಒಬ್ಬರು ಬಂದು ಅದನ್ನು ಚಾಕುವಿನಿಂದ ಅರ್ಧ ಮಾಡಿ ಒಂದು ಅರ್ಧ ಒಯ್ದರು. ಇನ್ನೊಬ್ಬರು ಉಳಿದರ್ಧದಲ್ಲಿ ಅರ್ಧ. ಎಂಜಿನಿಯರ್ ಬಂದು ಅದರಲ್ಲೂ ಅರ್ಧ ಕತ್ತರಿಸಿದರು. ಕೊನೆಗೆ ಹೆಬ್ಬೆರಳಿನ ಗಾತ್ರದ ಚೂರು ಉಳಿದು, ಅದನ್ನು ಯಾರೂ ಮುಟ್ಟಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ. “ಇದನ್ಯಾಕೆ ಯಾರೂ ತಿನ್ನಲ್ಲ?” ಎಂದು ಅಜ್ಜಿಯನ್ನು ಕೇಳಿದೆ.

“ಕೊನೇದನ್ನ ತಗೋಬಾರದು. ಇನ್ನೊಬ್ಬರಿಗೆ ಬೇಕಿದ್ದರೆ?”

“ನಮ್ಮಲ್ಲಾದರೆ ಅದು ತಟ್ಟೆಯಲ್ಲಿ ಉಳಿಯೋದೇ ಇಲ್ಲ. ಎಲೆಗೆ ಎರಡೂ ಕೈ ಅಡ್ಡ ಹಿಡಿದರೂ ಸಂದಿಯಲ್ಲಿ ಬಡಿಸಿಬಿಡ್ತಾರೆ.”

“ಬೇಡ ಅಂದರೂ?”

“ಮೊದಲ ಸಲದ ಬೇಡಕ್ಕೆ ನಮ್ಮಲ್ಲಿ ಬೆಲೆ ಇಲ್ಲ. ಅದು ಮರ್ಯಾದೆಗೆ ಅನ್ನೋದು.”

ಅಜ್ಜಿ ಕಪ್ಪನ್ನು ಕೆಳಗಿಟ್ಟರು. ಅವರಿಗೆ ಏನೋ ಹೊಳೆದಿತ್ತು. “ಹಾಗಾದರೆ ನಿಜವಾದ ಬೇಡ ಯಾವುದು ಅಂತ ಗೊತ್ತಾಗೋದು ಹೇಗೆ?”

“ಮೂರನೇ ಸಲಕ್ಕೆ ಗೊತ್ತಾಗುತ್ತೆ,” ಅಂದೆ, ದೊಡ್ಡ ಪಂಡಿತನ ಹಾಗೆ.

ಅವರು ನನ್ನನ್ನೇ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವಂತೆ, “ಗಣಿತದ ಮೇಜು ನಡೆಸ್ತೀಯಾ?” ಎಂದರು.

ನನ್ನ ಹಣೆಬರಹ ನೋಡಿ. ಆಗಲೂ, “ಛೇ ಛೇ, ಆ ಜಾಗಕ್ಕೆ ಆಗಲೇ ಇವರು ಇದ್ದಾರಲ್ಲ…” ಎಂದೇ ನಾಲಿಗೆ ಹೊರಳಿತು.

“ಗಣಿತದ ಮೇಜು ನಡೆಸ್ತೀಯಾ?”

“ಇಲ್ಲ, ಅವರಿಗೆ ಬೇಜಾರಾಗುತ್ತೆ…”

ಹಾಲಿನ ಆ ತುದಿಯಿಂದ ಎಂಜಿನಿಯರ್ ಕೂಗಿದರು, “ದಮ್ಮಯ್ಯ, ಒಪ್ಪಿಕೋ ಮಾರಾಯ! ಬೇರೆ ಯಾರೂ ಇಲ್ಲ ಅಂತ ನಾನು ಹೂಂ ಅಂದಿದ್ದು. ಬುಧವಾರ ನನಗೆ ಮೀನು ಹಿಡಿಯೋಕೆ ಹೋಗಬೇಕು!” ಸ್ವೀಡಿಷ್‌ನಲ್ಲಿ ದಮ್ಮಯ್ಯ ಇಲ್ಲ, ಆದರೆ ಆ ದನಿಯಲ್ಲಿ ಇತ್ತು.

ಅಜ್ಜಿ ಅತ್ತ ತಿರುಗಲೂ ಇಲ್ಲ. “ಮೂರನೇ ಸಲ ಕೇಳ್ತಿದೀನಿ. ನಡೆಸ್ತೀಯಾ?”

“ಹೂಂ,” ಅಂದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಅವರು ಅದನ್ನು ನೋಡದವರಂತೆ ಥರ್ಮಾಸ್ ಒತ್ತಿ ನನ್ನ ಕಪ್ಪು ತುಂಬಿಸಿದರು.

ಆಮೇಲೆ ಕೆಲವು ವರ್ಷ ಆ ಮೇಜು ನನ್ನದಾಗಿತ್ತು. ಅದನ್ನು ನೋಡಿದ ಪ್ರಿನ್ಸಿಪಾಲರು ಕೊಮ್ಯೂನ್‌ನ, ಎಂದರೆ ಇಲ್ಲಿನ ನಗರಸಭೆಯ, ಒಂದು ಶಾಲೆಗೆ ನನ್ನ ಬಗ್ಗೆ ಹೇಳಿದರು. ಮೇಷ್ಟ್ರು ರಜೆ ಹಾಕಿದ ದಿನ ಬದಲಿಯಾಗಿ ಹೋಗುತ್ತಾ ಹೋಗುತ್ತಾ, ಇನ್ನಷ್ಟು ಓದಿ, ಕೊನೆಗೆ ನಾನೂ ಮೇಷ್ಟ್ರಾದೆ. ಬುಧವಾರ ಮಾತ್ರ ತಪ್ಪಿಸಲಿಲ್ಲ. ಅಜ್ಜಿಗೆ ನಮ್ಮ ಉಪಚಾರದ ಹುಚ್ಚು ಹಿಡಿದಿತ್ತು. ಸ್ವೀಡನ್ನಿನವರಿಗೂ ಮೂರು ಮೂರು ಸಲ ಕಾಫಿ ಕೇಳುವರು. ಪಾಪ, ಪ್ರಿನ್ಸಿಪಾಲರು ಒಂದು ದಿನ ಹೊಟ್ಟೆನೋವು ಎಂದು ಬರೀ ನೀರು ಹಿಡಿದು ಬಂದವರು, ಮೂರನೆಯ ಸಲ ಕೇಳಿದಾಗ ತಬ್ಬಿಬ್ಬಾಗಿ ಕಾಫಿ ಕುಡಿದೇಬಿಟ್ಟರು. “ನಿಮ್ಮ ಪದ್ಧತಿಗೆ ಬಹಳ ಸಮಯ ಹಿಡಿಯುತ್ತೆ,” ಎಂದು ಅಜ್ಜಿ ನನ್ನ ಮೇಲೆ ದೂರು ಹೇಳಿದರು. ನಮ್ಮೂರಲ್ಲಿ ಸಮಯಕ್ಕೇನು ಬರ ಇಲ್ಲ ಎಂದೆ. ಒಂದೆರಡು ಸಲ ಮನೆಗೂ ಬಂದಿದ್ದರು. ನನ್ನ ಹೆಂಡತಿ ಹೋಳಿಗೆ ಬಡಿಸಲು ಬಂದಾಗ, ನೋಡಿ ಕಲಿತವರಂತೆ ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದು, ಬೆರಳ ಸಂದಿಯನ್ನು ಅಗಲ ಮಾಡಿ ಕೊಟ್ಟರು. ಮಗಳು ಬಿದ್ದು ಬಿದ್ದು ನಕ್ಕಿದ್ದಳು.

ಹಳೆಯ ವಿದ್ಯಾರ್ಥಿಗಳೆಲ್ಲ ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಸೇರುತ್ತಾರೆ. ಹುಲ್ಲಿನ ಮೇಲೆ ಉದ್ದ ಮೇಜು, ಹಾಡು, ಕಾಫಿ. ಅಜ್ಜಿ ಇಲ್ಲದ ಕೂಟವನ್ನು ನಾನು ನೋಡಿರಲಿಲ್ಲ. ಆದರೆ ಆ ದಶಕದ ಕೊನೆಯ ಹೊತ್ತಿಗೆ ಅವರಿಗೆ ಕಾಯಿಲೆ ಹಿಡಿಯಿತು. ಏನು ಕಾಯಿಲೆ ಎಂದು ಹೇಳಲಿಲ್ಲ, ಇಲ್ಲಿ ಕೇಳುವುದೂ ತಪ್ಪು. ಚಳಿಗಾಲದಿಂದ ಬುಧವಾರ ಬರುವುದು ನಿಂತಿತ್ತು. ಕೂಟದ ಹಿಂದಿನ ದಿನ ಫೋನ್ ಮಾಡಿದೆ.

“ನಾಳೆ ನಾನು ಕಾರು ತರ್ತೀನಿ. ಬನ್ನಿ.”

“ಬೇಡಪ್ಪ.”

ನಾನು ನಕ್ಕೆ. “ಬಿಸಿಲಿಗೆ ಕುರ್ಚಿ ಹಾಕಿಸ್ತೀನಿ. ಒಂದರ್ಧ ಗಂಟೆ ಕೂತರೆ ಸಾಕು.”

“ಬೇಡ.”

“ನೀವಿಲ್ಲದೆ ಥರ್ಮಾಸ್ ಯಾರು ಒತ್ತೋದು?”

ಅವರು ಮೆತ್ತಗೆ, “ಬೇಡ,” ಅಂದರು. “ಇದು ಮೂರನೇದು. ಈಗ ಗೊತ್ತಾಯ್ತಲ್ಲ?” ಎಂದು ನಕ್ಕರು. ನಗು ಕೆಮ್ಮಾಯಿತು. ನಾನು ಆಯಿತು ಎಂದು ಫೋನಿಟ್ಟೆ.

ಮರುದಿನ ಥರ್ಮಾಸ್ ನಾನೇ ಒತ್ತಿದೆ. ರಜೆ ಮುಗಿದು ಕಾಲೇಜು ತೆರೆಯುವ ಮುಂಚೆಯೇ ಅಜ್ಜಿ ತೀರಿಕೊಂಡರು. ಇಲ್ಲಿನ ಪದ್ಧತಿಯಂತೆ ಕೆಲವು ವಾರ ಕಳೆದ ಮೇಲೆ ಮಣ್ಣು ಮಾಡಿದರು. ಆಮೇಲೆ ಎಲ್ಲರಿಗೂ ಕಾಫಿ ಇತ್ತು. ತಟ್ಟೆಯಲ್ಲಿ ಕೇಕಿನ ಕೊನೆಯ ತುಂಡು ಹಾಗೇ ಉಳಿಯಿತು.

ಈಗ ಥರ್ಮಾಸ್ ನಮ್ಮ ಒಲೆಯ ಪಕ್ಕದಲ್ಲಿದೆ. ಇವತ್ತು ಭಾನುವಾರ, ಡಿಕಾಕ್ಷನ್ ಇಳಿಸಿ, ಹಾಲು ಬೆರೆಸಿ ಅದಕ್ಕೆ ತುಂಬಿದೆ. ಹೆಂಡತಿಗೆ ಕೊಡಲಾ ಎಂದರೆ, “ಬೇಡ ರೀ, ಈಗಷ್ಟೇ ಆಯ್ತು,” ಅಂದಳು. ಕೇಳದವನಂತೆ ಲೋಟಕ್ಕೆ ಒತ್ತಿ ಮುಂದಿಟ್ಟೆ. ಬೈಯುತ್ತಲೇ ಕುಡಿದಳು.

ಅವಳು ಕುಡಿಯುವುದನ್ನು ನೋಡುತ್ತಾ ಅಮ್ಮನ ನೆನಪಾಯಿತು. ಮೂರು ಸಲ ಎಂದು ನಾನು ಅಜ್ಜಿಗೆ ಹೇಳಿದ್ದೆನಲ್ಲ, ಹಾಗೆಂದು ನಮ್ಮೂರಿನಲ್ಲಿ ಯಾರೂ ಲೆಕ್ಕ ಇಟ್ಟವರಿಲ್ಲ. ಅದು ಗಣಿತದ ಮೇಷ್ಟ್ರು ಆ ಗಳಿಗೆಗೆ ಹೊಂದಿಸಿದ ಲೆಕ್ಕ. ಅಮ್ಮ ಎಣಿಸಿದವಳೇ ಅಲ್ಲ. ಬಂದವರು ಚಪ್ಪಲಿ ಮೆಟ್ಟಿಕೊಂಡು ಗೇಟು ದಾಟಿದರೂ, ಲೋಟ ಹಿಡಿದು ಹಿಂದೆಯೇ ಹೋಗುತ್ತಿದ್ದಳು.

ನಾಲ್ಕನೆಯ ಸಲ ಕೇಳಿದ್ದರೆ ಅಜ್ಜಿ ಬರುತ್ತಿದ್ದರೇನೋ…