ದ್ವಾರಕಾನಾಥರ ಹಸಿರು ಮಿನಿ

ಜಪಾನಿನ ಫುನಾಬೊರಿಯ ನಮ್ಮ ಕಟ್ಟಡದಲ್ಲಿ ಎಲ್ಲರೂ ರೈಲಿನಲ್ಲಿ ಓಡಾಡುವವರೇ. ಕಾರಿನ ಹುಚ್ಚು ಹತ್ತಿಸಿಕೊಂಡವರು ಮೈಸೂರಿನ ದ್ವಾರಕಾನಾಥರೊಬ್ಬರು. ಅದೂ ಎಂಥ ಕಾರು? 1996ರ ಹಸಿರು ಮಿನಿ, ಬ್ರಿಟಿಷರ ಪುಟ್ಟ ಕಾರು. ನನಗೆ ಕಾರುಗಳ ಗಂಧಗಾಳಿ ಇಲ್ಲ. ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಅವರು ತಲೆ ತಿಂದದ್ದರಿಂದ ಅದರ ಜಾತಕವೆಲ್ಲ ಬಾಯಿಪಾಠವಾಗಿದೆ. ನಮ್ಮ ಅಂಬಾಸಿಡರ್ ಹುಟ್ಟಿದ್ದೂ ಅದೇ ಬ್ರಿಟಿಷ್ ಮನೆತನದಲ್ಲಂತೆ. ಆ ಕಂಪನಿಯ ಮುಷ್ಕರ, ನಷ್ಟ, ಸರ್ಕಾರದ ಪಾಲಾದದ್ದು, ಆಮೇಲೆ ಕೈಯಿಂದ ಕೈಗೆ ಮಾರಾಟವಾದದ್ದು. ಕೊನೆಗಾಲದಲ್ಲಿ ಮಿನಿಯನ್ನು ತವರಿನವರಿಗಿಂತ ಆಸೆಯಿಂದ ಕೊಂಡವರು ಜಪಾನಿನವರಂತೆ. ಪ್ರತಿ ಭಾನುವಾರ ದ್ವಾರಕಾನಾಥರು ಹೆಂಡತಿ ಸಾವಿತ್ರಿಯನ್ನು ಕೂರಿಸಿಕೊಂಡು ನದಿ ದಂಡೆಯವರೆಗೆ ಹೋಗಿಬರುತ್ತಿದ್ದರು.

2020ರ ಫೆಬ್ರವರಿಯಲ್ಲಿ ಸಾವಿತ್ರಿ ಮಗಳ ಬಾಣಂತನಕ್ಕೆ ಮೈಸೂರಿಗೆ ಹೋದರು. ಕೊರೊನಾದಿಂದ ಗಡಿ ಮುಚ್ಚಿತು, ಅಲ್ಲೇ ಉಳಿದರು. ದ್ವಾರಕಾನಾಥರು ಮಾತು ಮರೆತವರಂತಾದರು. ಭಾನುವಾರ ಹತ್ತಕ್ಕೆ ಮಾತ್ರ ಬಾಡಿಗೆಗೆ ಹಿಡಿದಿದ್ದ ಪಾರ್ಕಿಂಗ್ ಜಾಗಕ್ಕೆ ಹೋಗಿ, ಎಂಜಿನ್ ಚಾಲೂ ಮಾಡಿ ಸ್ವಲ್ಪ ಹೊತ್ತು ಕೂರುತ್ತಿದ್ದರು.

"ಸಾವಿತ್ರಿಗೆ ಈ ಗಾಡಿ ಅಂದ್ರೆ ಪ್ರಾಣ ಕಣಮ್ಮ ಪ್ರಭಾ. ಅವ್ಳು ಬರೋವರ್ಗೂ ಕಂಡೀಷನ್‌ನಲ್ಲಿರ್ಬೇಕು," ಎಂದು ನನಗೆ ಹೇಳಿದ್ದರು.

ಆಯುಧಪೂಜೆ ಬಂತು. ಬೂದುಗುಂಬಳ ಸಿಗಲಿಲ್ಲ. ಅಂಗಡಿಯಲ್ಲಿ ಸಿಕ್ಕ ಪುಟ್ಟ ಕುಂಬಳಕಾಯಿಯ ತಲೆ ಕೊಯ್ದು, ಕುಂಕುಮದ ನೀರು ತುಂಬಿ, ಕಾರಿಗೆ ನಿವಾಳಿಸಿ, ಪಾರ್ಕಿಂಗ್ ಜಾಗದ ಗೇಟಿನ ಮುಂದೆ ಒಡೆದರು. ದೃಷ್ಟಿ ತೆಗೆದ ಮೇಲೆ ತಿರುಗಿ ನೋಡಬಾರದೆಂದು ಹಾಗೇ ಮನೆಗೆ ಬಂದರು. ಮಹಾ ಬುದ್ಧಿವಂತರು. ಜಾಗದ ಒಡತಿ ಮೊರಿಟಾ ಸಾನ್, ಎಂಬತ್ತರ ಅಜ್ಜಿ, ನೆಲದ ಕೆಂಪು ಕಂಡು ಯಾರಿಗೋ ಅಪಘಾತವಾಗಿದೆಯೆಂದು ಪೊಲೀಸರನ್ನು ಕರೆಸಿದರು. ಇವರು ಸೊಂಟ ಬಗ್ಗಿಸಿ ಇಪ್ಪತ್ತು ಸಲ 'ಸುಮಿಮಾಸೆನ್' ಎಂದು ಕ್ಷಮೆ ಕೇಳಿ, ಬ್ರಷ್ ಹಿಡಿದು ಉಜ್ಜಿದರು. ಕಲೆ ಹೋಗಲಿಲ್ಲ. ವಾರದ ನಂತರ ಬಹಳ ವಿನಯದ ಪತ್ರ ಬಂತು: ನವೆಂಬರ್ ಕೊನೆಗೆ ದಯವಿಟ್ಟು ಜಾಗ ತೆರವು ಮಾಡಿ. ಹತ್ತಿರದಲ್ಲಿ ಬೇರೆ ಜಾಗ ಸಿಗಲಿಲ್ಲ. ನಿಲ್ಲಿಸಲು ಜಾಗವಿದೆಯೆಂದು ತೋರಿಸದೆ ಇಲ್ಲಿ ಕಾರು ಇಟ್ಟುಕೊಳ್ಳುವಂತಿಲ್ಲ.

ಇದನ್ನು ಸಾವಿತ್ರಿಗೆ ಹೇಳಲು ಅವರಿಗೆ ಮೂರು ದಿನ ಬಾಯಿ ಬರಲಿಲ್ಲ. ನಾಲ್ಕನೆಯ ದಿನ ಕಾರಿನಲ್ಲೇ ಕೂತು ಫೋನ್ ಮಾಡಿದರು. ಅಂದು ನಡೆದ ಮಾತನ್ನು ಆಮೇಲೆ ಅವರೇ ನನಗೆ ಹೇಳಿದ್ದು.

"ಮಾರ್ಬಿಡಿ," ಎಂದರಂತೆ ಸಾವಿತ್ರಿ. "ಅದ್ರಲ್ಲಿ ಕೂತ್ರೆ ನಂಗೆ ಹೊಟ್ಟೆ ತೊಳಸ್ತಿತ್ತು ಕಣ್ರೀ. ಆ ಪೆಟ್ರೋಲ್ ವಾಸ್ನೆ."

"ಮತ್ತೆ ಪ್ರತಿ ಸಂಡೇ ಯಾಕೆ ಬರ್ತಿದ್ದೆ?"

"ಅದ್ರಲ್ಲಿ ಕೂತಾಗ ಮಾತ್ರ ನೀವು ನನ್ ಹತ್ರ ಮಾತಾಡ್ತಿದ್ರಿ."

ಕೇಳಿ ನನಗೆ ದ್ವಾರಕಾನಾಥರ ಮೇಲೆ ಸಿಟ್ಟೂ ಬಂತು, ಪಾಪವೆಂದೂ ಅನ್ನಿಸಿತು. ಕಾರು ಹೋಯಿತು. ಸಾವಿತ್ರಿ ಮರಳಲು ಇನ್ನೂ ಹದಿನಾರು ತಿಂಗಳು ಹಿಡಿಯಿತು. ಅಷ್ಟೂ ದಿನ, ಆ ಜಾಗದಲ್ಲಿ ಬೇರೆಯವರ ಕಾರು ಬಂದು ನಿಂತ ಮೇಲೂ, ಅವರು ಭಾನುವಾರ ಹತ್ತಕ್ಕೆ ಗೇಟಿನ ಹೊರಗೆ ಕುಂಕುಮದ ಕಲೆಯ ಪಕ್ಕ ನಿಂತು ಮೈಸೂರಿಗೆ ಫೋನ್ ಮಾಡುತ್ತಿದ್ದರು. ಮನೆಯೊಳಗೆ ಅವರಿಗೆ ಮಾತು ಬರುತ್ತಿರಲಿಲ್ಲ.