ಉತ್ತರದಿಂದ ಶುರು ಮಾಡುವ ಕಾಶಿನಾಥ ಸರ್

ಕುಷ್ಟಗಿ ಕಡೆಯ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಕಾಶಿನಾಥ ಸರ್‌ಗೆ ಗುರುತ್ವಾಕರ್ಷಣೆಯ ಪಾಠ ಬಂತೆಂದರೆ ಹಬ್ಬ. "ಗುರು ಮೊದಲು, ಆಕರ್ಷಣೆ ಆಮ್ಯಾಲೆ" ಎಂಬ ಇಪ್ಪತ್ತೆರಡು ವರ್ಷ ಹಳೆಯ ಜೋಕು ಹೇಳಿ ತಾವೇ ಮೊದಲು ನಗುತ್ತಾರೆ. ಗುರುತ್ವದ ಬೆಲೆ ಕಂಡುಹಿಡಿಯುವ ಪ್ರಾಕ್ಟಿಕಲ್ ದಿನ ಲೋಲಕದ ಗುಂಡು ಶಾಸ್ತ್ರಕ್ಕೆ ತೂಗುತ್ತಿರುತ್ತದೆ, ಮಕ್ಕಳು ಮಾತ್ರ ಹಳೇ ರೆಕಾರ್ಡ್ ನೋಡಿ ಬರೆಯುತ್ತಾರೆ. "ಉತ್ತರ ಒಂಬತ್ತು ಪಾಯಿಂಟ್ ಎಂಟು. ಅದನ್ನ ಮೊದಲ ಬರೀರಿ, ರೀಡಿಂಗು ಹಿಂದಿಂದ ತಾವಾಗೇ ಬರ್ತಾವ" ಎಂಬುದು ಸರ್ ನಿಯಮ, ಅವರ ಸರ್ ಅವರಿಗೆ ಕಲಿಸಿದ್ದೂ ಹೀಗೆಯೇ. ಉತ್ತರ ಚೂರು ಆಚೀಚೆಯಾದರೂ, "ನಿನ್ನ ಭೂಮಿ ಬ್ಯಾರೇನ ಐತೇನು?" ಎಂದು ನಪಾಸು ಮಾಡುತ್ತಾರೆ. ಈ ಸಲ ಹುಲಿಗವ್ವ ಎಂಬ ವಿದ್ಯಾರ್ಥಿನಿ ಒಂಬತ್ತು ಪಾಯಿಂಟ್ ಆರು ಎಂದು ಬರೆದಳು. ಸರ್ ಸೊನ್ನೆ ಹಾಕಿದರು. ಹುಡುಗಿ ಜಾಗ ಬಿಟ್ಟು ಕದಲಲಿಲ್ಲ. "ಸರ, ಇಪ್ಪತ್ತು ಸಲ ತೂಗೋದನ್ನ ನಾ ಖರೇನ ಎಣಿಸೀನ್ರಿ. ಬೇಕಾದ್ರ ನೀವೂ ಎಣಿಸಿ ನೋಡ್ರಿ." "ನನಗ ಕಲಿಸ್ತೀಯೇನವ್ವ?" ಎಂದು ಸರ್ ಸಿಟ್ಟಿನಲ್ಲೇ ಗುಂಡು ಎಳೆದು ಬಿಟ್ಟರು, ಜೀವಮಾನದಲ್ಲಿ ಮೊದಲ ಬಾರಿ ಎಣಿಸಿದರು, ಲೆಕ್ಕ ಹಾಕಿದರು. ಒಂಬತ್ತು ಪಾಯಿಂಟ್ ಏಳು ಬಂತು. ಬೆವರು ಒರೆಸಿಕೊಂಡು ಮತ್ತೆ ಎಣಿಸಿದರೆ ಒಂಬತ್ತು ಪಾಯಿಂಟ್ ಒಂಬತ್ತು. ಮೂರನೇ ಸಲ ಇನ್ನೊಂದು. ಎಷ್ಟು ಎಣಿಸಿದರೂ ಆ ಪುಸ್ತಕದ ಎಂಟು ನೆಟ್ಟಗೆ ಕೈಗೆ ಸಿಗಲೊಲ್ಲದು. ಸರ್ ಸ್ಟೂಲಿನ ಮೇಲೆ ಕುಸಿದು ಕೂತರು. "ಯವ್ವಾ ಹುಲಿಗವ್ವ," ಎಂದರು, "ಇಷ್ಟು ವರ್ಷ ನಾ ಫೇಲ್ ಮಾಡಿದೋರೆಲ್ಲ ಖರೇ ಎಣಿಸಿದೋರ ಇದ್ರಲ್ಲ!"