ಗಂಜಿ ಹಾಕಿದ ರೆಕ್ಕೆ

ನಮ್ಮ ಮನೆತನದಲ್ಲಿ ಆಕಾಶಕ್ಕೆ ಹಾರಿ ಬಂದವರು ಇಬ್ಬರೇ. ಒಬ್ಬ ನನ್ನ ಕಾಕಾ. ಅವನ ಕೆಲಸವೇ ಅದಾದ್ದರಿಂದ ಅದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಎರಡನೆಯವಳು ನಾನಾಗಬೇಕಿತ್ತು, ಆಗಲಿಲ್ಲ. ಯಾಕೆ ಆಗಲಿಲ್ಲ ಎಂಬುದನ್ನು ನಮ್ಮ ದೊಡ್ಡವ್ವ ಕಂಡ ಕಂಡವರಿಗೆಲ್ಲ ತನ್ನದೇ ರೀತಿಯಲ್ಲಿ ಹೇಳಿಕೊಂಡು ಬಂದಿದ್ದಾಳೆ. ಅವಳು ಹೇಳುವುದರಲ್ಲಿ ಅರ್ಧ ಸುಳ್ಳು. ಅದಕ್ಕೇ ನಾನು ಬರೆಯಲು ಕುಳಿತಿದ್ದೇನೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಲಕ್ಷ್ಮೇಶ್ವರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಎರಡು ದಿನ ಸೂಟಿ ಸಿಕ್ಕರೆ ಬಸ್ಸು ಹತ್ತಿ ಬೆಟಗೇರಿಯ ದೊಡ್ಡಪ್ಪನ ಮನೆಗೆ ಹೋಗಿಬಿಡುತ್ತಿದ್ದೆ. ನೇಕಾರರ ಮನೆ. ದೊಡ್ಡಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತನೆಂದರೆ ಊಟಕ್ಕೆ ಮಾತ್ರ ಏಳುವ ಮನುಷ್ಯ. ಉಳಿದದ್ದನ್ನೆಲ್ಲ, ಅಂದರೆ ನೂಲು, ನೆಂಟರು, ಜಗಳ, ರಾಜಿ ಎಲ್ಲವನ್ನೂ, ಅವನ ಹೆಂಡತಿ ದೊಡ್ಡವ್ವ ನೋಡಿಕೊಳ್ಳುತ್ತಿದ್ದಳು. ಅವಳು ಸೊಸೆಯಾಗಿ ಆ ಮನೆಗೆ ಬಂದಾಗ ನನ್ನ ಕಾಕಾ ಇನ್ನೂ ಚಡ್ಡಿ ಹಾಕದ ಕೂಸು. ಮೈದುನನನ್ನು ಮಗನ ಹಾಗೆ ಸಾಕಿದವಳು, ಮಗನ ಹಾಗೆಯೇ ಬೈಯುತ್ತಲೂ ಇದ್ದಳು.

ಆ ಕಾಕಾ ದೊಡ್ಡವನಾಗಿ ಎಲ್ಲ ಬಿಟ್ಟು ಉತ್ತರದ ಹಿಮದ ಬೆಟ್ಟಗಳಲ್ಲಿ ಜನರಿಗೆ ಗುಡ್ಡ ಹತ್ತುವುದನ್ನೂ ಹಾರುವುದನ್ನೂ ಕಲಿಸುವ ಕೆಲಸಕ್ಕೆ ಸೇರಿದ್ದ. ಅಲ್ಲಿ ಹಿಮ ಬಿದ್ದು ಕೆಲಸ ನಿಂತಾಗ ಊರಿಗೆ ಬರುವುದು ವಾಡಿಕೆ. ಆ ಸಲದ ಚಳಿಗಾಲದಲ್ಲಿ ಬಂದಾಗ ಬೆನ್ನ ಮೇಲೆ ಹಾಸಿಗೆಯ ಸುರುಳಿಯಷ್ಟು ದಪ್ಪದ ಗಂಟು.

“ಕಂಬಳಿ ತಂದೀಯೇನೋ?” ಎಂದಳು ದೊಡ್ಡವ್ವ.

“ಕಂಬಳಿ ಅಲ್ರಿ ವೈನಿ. ರೆಕ್ಕಿ. ಇದನ್ನ ಕಟಗೊಂಡು ಇಬ್ಬರು ಹಾರಬಹುದು.”

ಅದು ಇಬ್ಬರನ್ನು ಹೊರುವ ಪ್ಯಾರಾಗ್ಲೈಡರ್. ಹಾರಿಸುವವನು ಹಿಂದೆ, ಜೊತೆಗಾರ ಮುಂದೆ. ಇಬ್ಬರ ಪಟ್ಟಿಗಳೂ ಮೇಲಿನ ಒಂದೇ ಬಟ್ಟೆಯ ರೆಕ್ಕೆಗೆ ಸಣ್ಣ ಸಣ್ಣ ಹುರಿಗಳಿಂದ ಸಿಕ್ಕಿಕೊಂಡಿರುತ್ತವೆ. ಕಾಕಾ ವಿವರಿಸಿ ಮುಗಿಸುವ ಮೊದಲೇ ನಾನು ಮುಂದಿನ ಜಾಗ ನನ್ನದು ಎಂದು ಕೂಗಿಬಿಟ್ಟೆ. ಅವನು ಹೂಂ ಎಂದ. ಲಕ್ಷ್ಮೇಶ್ವರಕ್ಕೆ ಮರಳಿದ ಮರುದಿನವೇ ನನ್ನ ತರಗತಿಯ ಹುಡುಗಿಯರಿಗೆಲ್ಲ ಹೇಳಿಯೂ ಆಯಿತು. ಅಷ್ಟು ಆಸೆಯನ್ನು ನಾನು ಸೀರೆಗೆ ಪಟ್ಟಿರಲಿಲ್ಲ, ಬಂಗಾರಕ್ಕೆ ಪಟ್ಟಿರಲಿಲ್ಲ, ಆಗ ಮನೆಯಲ್ಲಿ ನೋಡುತ್ತಿದ್ದ ವರಗಳಿಗಂತೂ ಪಟ್ಟಿರಲೇ ಇಲ್ಲ.

ಕಾಕಾನ ನಿಯಮಗಳು ಮಡಿ ಹೆಂಗಸರ ನಿಯಮಗಳಿಗಿಂತ ಕಠಿಣ. ರೆಕ್ಕೆಯನ್ನು ಬಿಸಿಲಿಗೆ ಹಾಸಬಾರದು. ಹಸಿಯಾಗಿದ್ದಾಗ ಮಡಚಬಾರದು. ತುಳಿಯಬಾರದು, ಸಾಬೂನು ಮುಟ್ಟಿಸಬಾರದು. ಹಾರುವ ಮೊದಲು ಪ್ರತಿಯೊಂದು ಹುರಿಯನ್ನೂ ಬುಡದಿಂದ ತುದಿಯವರೆಗೆ ಬೆರಳಲ್ಲಿ ಸವರಬೇಕು. ಎಲ್ಲಕ್ಕಿಂತ ದೊಡ್ಡ ನಿಯಮವನ್ನು ಅವನು ಬೆರಳೆತ್ತಿ ಹೇಳಿದ.

“ಕಂಡಾವ್ರು ಹೇಳಬೇಕು. ಯಾರರ ಕಾಣ್ಲಿ, ಏನರ ಕಾಣ್ಲಿ. ಇಬ್ಬರೊಳಗ ಒಬ್ಬರು ಬ್ಯಾಡ ಅಂದ್ರ ಹಾರೂದಿಲ್ಲ.”

ಇಷ್ಟೆಲ್ಲ ಹೇಳಿದ್ದು ನನಗೆ. ದೊಡ್ಡವ್ವನಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಮುಂದಿನ ರವಿವಾರ ನಾನೂ ಕಾಕಾನೂ ಟ್ರ್ಯಾಕ್ಟರ್ ಕೇಳಲು ಸೊರಟೂರಿನ ಬೀಗರ ಮನೆಗೆ ಹೋಗಿದ್ದೆವು. ಸಂಜೆ ಮುಂದೆ ಓಣಿಯ ಬಾಯಿಗೆ ಬಂದರೆ ಕಾಕಾ ನಿಂತಲ್ಲೇ ನಿಂತುಬಿಟ್ಟ. ಓಣಿಯ ಉದ್ದಕ್ಕೂ, ಸೀರೆಯ ಹಾಸಿನ ಉದ್ದನೂಲನ್ನು ಗಂಜಿ ಹಾಕಲು ಎಳೆದು ಕಟ್ಟುವ ಗೂಟಗಳಿಗೆ, ಅವನ ರೆಕ್ಕೆಯನ್ನು ಬಿಗಿಯಾಗಿ ಕಟ್ಟಲಾಗಿತ್ತು. ಇಳಿಬಿಸಿಲು ಅದರ ಮೇಲೆ ಹೊಡೆಯುತ್ತಿತ್ತು. ಅಕ್ಕಪಕ್ಕದ ಹೆಂಗಸರು ಕುಂಚ ಹಿಡಿದು ಆಚೆ ಈಚೆ ನಿಂತಿದ್ದರು, ನಡುವೆ ದೊಡ್ಡವ್ವ ಬಕೆಟ್ ಹಿಡಿದುಕೊಂಡು ಹುಕುಂ ಕೊಡುತ್ತಿದ್ದಳು. ರೆಕ್ಕೆಗೆ ಗಂಜಿ ಹಾಕುತ್ತಿದ್ದರು! ಕೆಳಗಿನ ಅಂಚನ್ನು ಯಾರದೋ ಆಡು ಬಹಳ ಪ್ರೀತಿಯಿಂದ ನೆಕ್ಕುತ್ತಿತ್ತು.

“ವೈನೀ!” ಎಂದು ಕಾಕಾ ಕೂಗಿದ್ದು ಗದಗಿಗೂ ಕೇಳಿಸಿರಬೇಕು.

“ಯಾಕ ಒದರತಿ? ಮುಟ್ಟಿ ನೋಡಿದೆ, ಅರಿವಿ ಪೂರಾ ಮೆತ್ತಗ ಆಗಿತ್ತು, ಜೀವಾನ ಇದ್ದಿಲ್ಲ. ಇಂಥಾದ್ದನ್ನ ಕಟಗೊಂಡು ನಮ್ಮ ಹುಡುಗಿ ಹಾರಬೇಕೇನು? ನಾಲ್ಕು ಮಂದಿ ಕೆಳಗ ನಿಂತು ನೋಡತಾರ. ಬೆಟಗೇರಿ ಮನಿಯಿಂದ ಗಂಜಿ ಇಲ್ಲದ ಅರಿವಿ ಹೊರಗ ಹೋಗಬಾರದು!”

ಕಾಕಾ ಕಟ್ಟೆಯ ಮೇಲೆ ಕುಳಿತು ತಲೆ ಹಿಡಿದುಕೊಂಡ. ನನಗೆ ಅಳಬೇಕೋ ನಗಬೇಕೋ ತಿಳಿಯದೆ ಆಡನ್ನು ಓಡಿಸಿದೆ.

ಗಂಜಿ ಬಿಡಿಸುವುದಕ್ಕೆ ಹಾಕಿದ್ದಕ್ಕಿಂತ ಎಷ್ಟೋ ಹೆಚ್ಚು ದಿನ ಹಿಡಿಯಿತು. ಬರೀ ನೀರು, ಉಜ್ಜದೆ, ಹಿಂಡದೆ. ಆಮೇಲೆ ನೆರಳಿನಲ್ಲಿ ಒಣಗಿಸುವುದು. ಇರುವೆಗಳು ಮಾತ್ರ ನಮಗಿಂತ ಮೊದಲೇ ಸುದ್ದಿ ತಿಳಿದು ಬಂದಿದ್ದವು. ಗಾಳಿ ಬಟ್ಟೆಯೊಳಗಿಂದ ಸೋರುತ್ತದೋ ಎಂದು ನೋಡಲು ಬಾಯಿ ಹಚ್ಚಿ ಊದಿ ನೋಡುವುದನ್ನು ಕಾಕಾ ನನಗೆ ಕಲಿಸಿದ. ನಾನು ಪಡಸಾಲೆಯಲ್ಲಿ ಕುಳಿತು ರೆಕ್ಕೆಗೆ ಅಲ್ಲಲ್ಲಿ ತುಟಿ ಒತ್ತುತ್ತಿದ್ದಾಗ ಒಂದು ವರದ ಕಡೆಯವರು ಹೇಳದೆ ಕೇಳದೆ ಬಂದರು, ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತರು, ಚಹಾ ಕುಡಿಯದೆ ಹೋದರು. ರೆಕ್ಕೆಯಿಂದ ನನಗಾದ ಮೊದಲ ಉಪಕಾರ ಅದು.

ಕೊನೆಗೆ ಕಾಕಾ ಅದನ್ನು ಬಯಲಿಗೆ ಒಯ್ದು ಗಾಳಿಗೆ ಎತ್ತಿ ನೋಡಿ, ಬಟ್ಟೆಗೆ ಏನೂ ಆಗಿಲ್ಲ ಎಂದ. ನನಗೆ ಮಾತ್ರ ಇನ್ನೊಂದು ಚಿಂತೆ ಅಂಟಿಸಿದ.

“ಗಾಳಿ ಜೋರಿದ್ರ ಹಗುರ ಇದ್ದಾವ್ರನ್ನ ಕರಕೊಂಡು ಹೋಗಾಂಗಿಲ್ಲ. ಈ ರೆಕ್ಕಿಗೆ ತೂಕ ಬೇಕು. ನೀ ನೋಡಿದ್ರ ಜ್ವಾಳದ ದಂಟು.”

ಅವತ್ತಿನಿಂದ ಶೇಂಗಾ ಹೋಳಿಗೆ, ತುಪ್ಪ, ಮಾದಲಿ, ಬಾಳೆಹಣ್ಣು, ಏನು ಕಣ್ಣಿಗೆ ಬಿತ್ತೋ ಅದೆಲ್ಲ ನನ್ನ ಹೊಟ್ಟೆಗೆ. ನಾನು ತಿಂದದ್ದೆಲ್ಲ ಎಲ್ಲಿ ಹೋಗುತ್ತಿತ್ತೋ ದೇವರೇ ಬಲ್ಲ. “ಮಳಲಿನ ಚೀಲ ಕಟಗೊಂಡು ಬರ್ತೀನಿ” ಎಂದೆ. “ಮಳಲಿನ ಚೀಲ ಓಡಾಂಗಿಲ್ಲ. ಗುಡ್ಡದಿಂದ ಇಳಿಯೂವಾಗ ಇಬ್ಬರೂ ಓಡಬೇಕು” ಎಂದು ಬಾಯಿ ಮುಚ್ಚಿಸಿದ.

ಕಪ್ಪತಗುಡ್ಡದ ಮುಂಡರಗಿ ಕಡೆಯ ಮಗ್ಗುಲಲ್ಲಿ ಹಾರುವುದೆಂದಾಯಿತು. ಕೆಳಗೆ ಶೇಂಗಾ ಕಿತ್ತು ಖಾಲಿಯಾದ ಹೊಲವೊಂದರಲ್ಲಿ ಇಳಿಯಲು ಹೊಲದ ಮಾಲಕರು ಒಪ್ಪಿದ್ದರು. ಕಾಕಾನ ರಜೆಯ ಕೊನೆಯ ರವಿವಾರ ಅದು. ಟ್ರ್ಯಾಕ್ಟರಿನಲ್ಲಿ ನಾನು, ಕಾಕಾ, ದೊಡ್ಡವ್ವ, ಜೊತೆಗೆ ದೊಡ್ಡಪ್ಪ, ಬುತ್ತಿಯ ಗಂಟು. ನಾನು ತಮ್ಮನ ಪ್ಯಾಂಟು ಹಾಕಿಕೊಂಡಿದ್ದೆ. ಪಟ್ಟಿಗಳು ತೊಡೆಯ ನಡುವೆ ಬರುತ್ತವೆ, ಸೀರೆ ನಡೆಯುವುದಿಲ್ಲ ಎಂದಿದ್ದ ಕಾಕಾ.

ಮೇಲೆ ಹತ್ತಿ ನಿಂತರೆ ಗಾಳಿ ನನ್ನ ಜಡೆಯನ್ನು ಮುಂದಿನಿಂದ ಹಿಂದಕ್ಕೆ ಎತ್ತಿ ಹಿಡಿದಿತ್ತು. ಕಾಕಾ ಬಹಳ ಹೊತ್ತು ಹುಲ್ಲು ತೂರಿ ನೋಡಿದ. ನನ್ನ ಕಡೆ ನೋಡಿದ. ಅವನ ಮುಖ ಕಂಡೇ ನನಗೆ ಗೊತ್ತಾಯಿತು.

“ನನಗ ಆಗೂದು. ನಿನಗ ಈಗ ಬ್ಯಾಡ. ಸಂಜೀಕ ಗಾಳಿ ಇಳದ್ರ ನೋಡೂಣು.” ಆಮೇಲೆ ಅವನ ಕಣ್ಣು ನಿಧಾನವಾಗಿ ಬುತ್ತಿಯ ಪಕ್ಕ ಕುಳಿತಿದ್ದ ದೊಡ್ಡವ್ವನ ಕಡೆ ತಿರುಗಿತು. ದೊಡ್ಡವ್ವನ ತೂಕ ಎಷ್ಟೆಂದು ಕೇಳುವ ಧೈರ್ಯ ಅದುವರೆಗೆ ಯಾರಿಗೂ ಬಂದಿರಲಿಲ್ಲ.

“ವೈನಿ, ಬರ್ತೀರೇನು?”

ಅವಳು ಬೇಡ ಎನ್ನುತ್ತಾಳೆಂದು ನಾನು ನೂರಕ್ಕೆ ನೂರು ನಂಬಿದ್ದೆ. ಅವಳು ಎದ್ದು ಕೈ ಝಾಡಿಸಿಕೊಂಡಳು. ಕಚ್ಚೆ ಹಾಕಿದ ಸೀರೆ, ಪಟ್ಟಿಗಳು ತೊಡೆಗೆ ಏನೂ ತಕರಾರಿಲ್ಲದೆ ಕುಳಿತವು. ನನಗೆಂದು ತಂದಿದ್ದ ಹೆಲ್ಮೆಟ್ಟು ಅವಳ ತುರುಬಿನ ಮೇಲೆ ಕುಳಿತುಕೊಳ್ಳದೆ, ತುರುಬು ಬಿಚ್ಚಬೇಕಾಯಿತು. ದೊಡ್ಡಪ್ಪ ಮಾತ್ರ, “ಅಲ್ಲೇ, ಊಟಕ್ಕ ಯಾರು ಬಡಸವ್ರು?” ಎಂದು ಕೇಳಿದ.

“ಕೈ ಅದಾವಲ್ಲ, ಬಡಸ್ಕೋರಿ!”

“ಓಡ್ರಿ!” ಎಂದ ಕಾಕಾ. ಅವಳು ಓಡಿದಳು. ನಾನು ಹಾಗೆ ಓಡಿದ ಹೆಂಗಸನ್ನು ಮತ್ತೆ ನೋಡಿಲ್ಲ. ನೆಲ ಮುಗಿಯಿತು, ಅವಳು ಗಾಳಿಯಲ್ಲಿ ಕಾಲು ಬಡಿಯುತ್ತಲೇ ಇದ್ದಳು. ನಮ್ಮ ತಲೆಯ ಮೇಲಿಂದ ತಿರುಗಿ ಹೋಗುವಾಗ ದೊಡ್ಡಪ್ಪನಿಗೆ, “ಪಲ್ಯಾದ ಡಬ್ಬಿ ಮುಚ್ಚರಿ, ಇರಿವಿ ಬರ್ತಾವ!” ಎಂದು ಮೇಲಿನಿಂದಲೇ ಕೂಗಿದಳು. ನನಗೆ ಹೊಟ್ಟೆಕಿಚ್ಚು ಎಂದರೆ ಅಂಥ ಹೊಟ್ಟೆಕಿಚ್ಚು. ಅವಳು ಕೆಳಗಿನ ಹೊಲದಲ್ಲಿ ಇಳಿದಾಗ ಓಡುವುದನ್ನು ಮರೆತು ಧಪ್ಪನೆ ಕುಳಿತಳು. ರೆಕ್ಕೆ ಜೋಲಿ ಹೊಡೆದು ಬದುವಿನ ಜಾಲಿ ಗಿಡದ ಮೇಲೆ ಬಿತ್ತು. ನಾವು ಗುಡ್ಡ ಇಳಿದು ಹೋಗುವಷ್ಟರಲ್ಲಿ ಕಾಕಾ ಅದನ್ನು ಬಿಡಿಸಿಕೊಂಡು ನೋಡಿ, ಏನೂ ಆಗಿಲ್ಲ ಎಂದ.

ಸಂಜೆ ಗಾಳಿ ನಿಜವಾಗಿಯೂ ಇಳಿಯಿತು. ಮತ್ತೆ ಗುಡ್ಡ ಹತ್ತಿ, ರೆಕ್ಕೆ ಹಾಸಿ, ಕಾಕಾ ಒಂದು ಮಗ್ಗುಲು, ನಾನು ಇನ್ನೊಂದು ಮಗ್ಗುಲು ಹುರಿಗಳನ್ನು ಸವರುತ್ತ ಹೋದೆವು. ನನ್ನ ಬೆರಳು ಒಂದು ಕಡೆ ತಡೆಯಿತು. ಹುರಿಯ ಮೇಲಿನ ಹೊದಿಕೆ ಹರಿದು ಒಳಗಿನ ಎಳೆ ಕಾಣುತ್ತಿತ್ತು. ಅದು ರೆಕ್ಕೆಗೆ ಸೇರುವಲ್ಲಿ ಜಾಲಿಯ ಮುಳ್ಳು ಹೊಲಿಗೆಯನ್ನೇ ಸೀಳಿತ್ತು.

ಕಾಕಾ ಆ ಕಡೆ ಬಗ್ಗಿದ್ದ. ದೊಡ್ಡವ್ವ ದೊಡ್ಡಪ್ಪನಿಗೆ ಆಕಾಶದ ಸುದ್ದಿ ಹೇಳುತ್ತಿದ್ದಳು. ಯಾರೂ ನೋಡಿರಲಿಲ್ಲ. ಹೊತ್ತು ಮುಳುಗಲು ಬಹಳ ಸಮಯವಿರಲಿಲ್ಲ, ಮರುದಿನ ಕಾಕಾನಿಗೆ ರೈಲು. ಒಂದೇ ಒಂದು ಹುರಿ, ಇಷ್ಟು ಹುರಿಗಳಲ್ಲಿ. ನನ್ನ ಹುಡುಗಿಯರ ಮುಖ ಕಣ್ಣ ಮುಂದೆ ಬಂತು. ಆಮೇಲೆ ಬಗ್ಗಿದ್ದ ಕಾಕಾನ ಬೆನ್ನು ಕಂಡಿತು.

“ಇಲ್ಲೆ ಹರದೈತಿ” ಎಂದೆ. ಎಷ್ಟು ಸಿಟ್ಟಿನಿಂದ ಎಂದೆನೆಂದರೆ ಅವನು ಬೆಚ್ಚಿ ತಿರುಗಿದ.

ಅವನು ಬಂದು, ಬೆರಳಿನಿಂದ ಬಿಡಿಸಿ ನೋಡಿ, ರೆಕ್ಕೆ ಮಡಚತೊಡಗಿದ. ನಾನು ಬಂಡೆಯ ಹಿಂದೆ ಹೋಗಿ ಕುಳಿತು ಚೆನ್ನಾಗಿ ಅತ್ತೆ. ತಿಂದ ಹೋಳಿಗೆಯ ಒಂದೊಂದು ತುಂಡಿಗೂ ಸೇರಿಸಿ ಅತ್ತೆ.

ದೊಡ್ಡವ್ವ ಹುಡುಕಿಕೊಂಡು ಬಂದು ಪಕ್ಕದಲ್ಲಿ ಕುಳಿತಳು. ಸೆರಗಿನಿಂದ ನನ್ನ ಮುಖ ಒರೆಸಿದಳು.

“ನೀ ಸುಮ್ನ ಇದ್ದಿದ್ರ ಏನ ಆಗತಿತ್ತಂತ ಅಂವನ್ನ ಕೇಳಿ ಬಂದೆ. ನನ್ನ ಕೈಯಾಗ ಬೆಳದ ಕೂಸದು” ಎಂದಳು. ಆಮೇಲೆ ಸೆರಗು ಕೊಡವಿಕೊಂಡು, “ಗಂಜಿ ಇದ್ದಿದ್ರ ಹರೀತಿದ್ದಿಲ್ಲ, ನೋಡು” ಎಂದಳು.

ಅಳುವಿನ ನಡುವೆಯೇ ನನಗೆ ನಗು ಬಂದು ಕೆಮ್ಮು ಹತ್ತಿತು.

ಅಂದಿನಿಂದ ಮದುವೆಯಿರಲಿ, ಮುಂಜಿಯಿರಲಿ, ದೊಡ್ಡವ್ವ ಆ ಕಥೆ ಹೇಳದೆ ಎಲೆಯ ಮುಂದೆ ಕೂರುವುದಿಲ್ಲ. ಅವಳ ಕಥೆಯಲ್ಲಿ ಗುಡ್ಡ ವರ್ಷ ವರ್ಷ ಎತ್ತರವಾಗುತ್ತ ಬಂದಿದೆ. ಹದ್ದುಗಳು ಅವಳಿಗೆ ದಾರಿ ಬಿಟ್ಟವಂತೆ, ಶಿರಹಟ್ಟಿ ಅಂಗೈಯಲ್ಲಿ ಕಂಡಿತಂತೆ, ಇಳಿಯುವಾಗ ಅವಳು ಓಡಿಯೇ ಇಳಿದಳಂತೆ. ನಾನು ಗುರ್ ಎನ್ನುತ್ತ ಕೇಳುತ್ತಿರುತ್ತೇನೆ. ಆದರೆ ಸಂಜೆಯ ಮಾತು ಬಂದ ಕೂಡಲೇ ಅವಳ ದನಿ ಇಳಿಯುತ್ತದೆ, ಅಲ್ಲಿ ಒಂದು ಶಬ್ದವನ್ನೂ ಸೇರಿಸುವುದಿಲ್ಲ.

“ಹುಡುಗಿಗೆ ಹಾರೂ ಆಸಿ ಎಷ್ಟಿತ್ತಂತ ನನಗ ಗೊತ್ತೈತಿ. ಆಕಿ ಒಬ್ಬಾಕೀನ ನೋಡಿದ್ದು. ಆಕೀನ ಹೇಳಿದ್ದು” ಎಂದು, ಮಂದಿಯ ನಡುವೆ ನಾನು ಎಲ್ಲಿದ್ದೇನೆಂದು ಕಣ್ಣಿನಿಂದ ಹುಡುಕುತ್ತಾಳೆ.

ಆ ಅರ್ಧ ಖರೆ.